ಮಳೆಯಲ್ಲಿ ತಾಮ್ಹಿಣಿ ಘಾಟಿ: ಪುಣೆಯಿಂದ ಬೈಕಿನಲ್ಲಿ ಒಂದು ದಿನ

ಜೂನ್ ಮುಗಿಯುವುದೇ ತಡ, ಊರಿನಿಂದ ಫೋನ್ ಶುರುವಾಗುತ್ತದೆ. "ಅಣ್ಣಾ, ಅಲ್ಲಿ ಮಳಿ ಹೆಂಗೈತಿ? ಬರ್ಲೇನು?" ಚಿಕ್ಕಪ್ಪನ ಮಗ. ಇಂಡಿ ತಾಲ್ಲೂಕಿನವನು, ಭೀಮಾ ದಂಡೆಯ ಮೇಲೆ ಹೊಲ. ಮಳೆ ಅಂದರೆ ಆಕಾಶ ನೋಡುತ್ತಾ ಕಾಯುವುದು ಅಂತಲೇ ತಿಳಿದು ಬೆಳೆದವನು. ಮೊದಲ ಸಲ ಅವನನ್ನು ಹಿಂದೆ ಕೂರಿಸಿಕೊಂಡು ತಾಮ್ಹಿಣಿ ಘಾಟಿಗೆ ಹೋದಾಗ, ಬೈಕಿನಿಂದ ಇಳಿದವನು ಹೆಲ್ಮೆಟ್ ತೆಗೆಯುವುದನ್ನೂ ಮರೆತು ನಿಂತುಬಿಟ್ಟ. ಎದುರಿನ ಕಪ್ಪು ಗುಡ್ಡದ ಮೇಲಿಂದ ಎಣಿಸಲಾಗದಷ್ಟು ಬಿಳಿ ಗೆರೆಗಳು ಇಳಿಯುತ್ತಿದ್ದವು. ಸ್ವಲ್ಪ ಹೊತ್ತಿಗೆ ಕೇಳಿದ, "ಅಣ್ಣಾ, ಈ ನೀರೆಲ್ಲಾ ನಮ್ಮ ಹೊಳಿಗೆ ಬರ್ತೈತೇನು?"

ಅದಕ್ಕೆ ಉತ್ತರ ದಾರಿಯಲ್ಲೇ ಸಿಗುತ್ತದೆ. ಅಲ್ಲಿಯವರೆಗೆ ತಲುಪುವುದು ಹೇಗೆ, ಕ್ಷೇಮವಾಗಿ ವಾಪಸ್ ಬರುವುದು ಹೇಗೆ ಅಂತ ಹೇಳುತ್ತೇನೆ. ಹಿಂಜೆವಾಡಿಯಲ್ಲೋ ಕೋಥ್ರೂಡಿನಲ್ಲೋ ಕೆಲಸಕ್ಕಿರುವ ನಮ್ಮವರು ಮಳೆ ಬಂತೆಂದರೆ ಸೀದಾ ಲೋಣಾವಳಾ ಕಡೆ ಹೊರಡುತ್ತಾರೆ. ಅಲ್ಲಿ ಭಾನುವಾರ ನೋಡಲು ಸಿಗುವುದು ಕಾರುಗಳ ಹಿಂಭಾಗ. ಬೈಕ್ ಓಡಿಸುವ ಸುಖ ಬೇಕೆಂದರೆ ತಾಮ್ಹಿಣಿಯೇ ಸರಿ. ಕೋಥ್ರೂಡಿನಿಂದ ಘಾಟಿಗೆ ಸುಮಾರು 60 ಕಿ.ಮೀ. 110 ಸಿಸಿ ಸ್ಕೂಟರ್ ಇದ್ದರೂ ಸಾಕು, ದೊಡ್ಡ ಗಾಡಿಯೇ ಬೇಕೆಂದಿಲ್ಲ.

ಯಾವ ದಿನ ಹೋಗಬೇಕು

ಜುಲೈ ಮೊದಲ ವಾರದಿಂದ ಸೆಪ್ಟೆಂಬರ್ ಮಧ್ಯದವರೆಗೆ ಯಾವಾಗಲಾದರೂ ಹೋಗಬಹುದು. ಜೂನ್‌ನಲ್ಲಿ ಗುಡ್ಡ ಇನ್ನೂ ಪೂರ್ತಿ ನೆಂದಿರುವುದಿಲ್ಲ. ಮೊದಲ ಮಳೆಗೆ ರಸ್ತೆಯ ಮೇಲಿನ ಎಣ್ಣೆ, ಧೂಳು ಸೇರಿ ಜಾರುವುದೂ ಜಾಸ್ತಿ. ನನಗೆ ಇಷ್ಟವಾದದ್ದು ಆಗಸ್ಟ್ ಕೊನೆ. ಮಳೆ ಬಿಟ್ಟು ಬಿಟ್ಟು ಬರುತ್ತದೆ, ಮಂಜು ಆಗಾಗ ಸರಿದು ಕಣಿವೆ ಕಾಣಿಸುತ್ತದೆ. ಜುಲೈ ನಡುವೆ ಹೋದರೆ ನೀರು ಜಾಸ್ತಿ ಇರುತ್ತದೆ ನಿಜ, ಆದರೆ ಎಷ್ಟೋ ದಿನ ಮಂಜಿನೊಳಗೆ ಬರೀ ಸದ್ದು ಕೇಳಿಸಿಕೊಂಡು ಬರಬೇಕಾಗುತ್ತದೆ.

ವಾರದ ದಿನ ರಜೆ ಹಾಕಿ ಹೋಗಿ. ಆಗದಿದ್ದರೆ ಶನಿವಾರ. ಭಾನುವಾರ ಬೇಡವೇ ಬೇಡ.

ಹಿಂದಿನ ರಾತ್ರಿ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಪುಣೆ ಅಂತ ಬರೆದಿರುವ ಸಾಲನ್ನು ನೋಡಿ ಹೊರಟುಬಿಡುತ್ತಾರೆ. ನಗರಕ್ಕೇ ಬೇರೆ, ಪುಣೆ ಜಿಲ್ಲೆಯ ಘಾಟಿ ಪ್ರದೇಶಕ್ಕೇ ಬೇರೆ ಸೂಚನೆ ಇರುತ್ತದೆ. ನಿಮಗೆ ಬೇಕಾದದ್ದು ಘಾಟಿಯದು. ಹಳದಿ ಇದ್ದರೆ ಹೋಗಿ. ಕಿತ್ತಳೆ ಇದ್ದರೆ ಮುಳಶಿ ಕೆರೆಯವರೆಗೆ ಹೋಗಿ ಚಹಾ ಕುಡಿದು ವಾಪಸ್ ಬನ್ನಿ. ಕೆಂಪು ಇದ್ದರೆ ಮನೆಯಲ್ಲೇ ಮಿರ್ಚಿ ಭಜಿ ಮಾಡಿಕೊಳ್ಳಿ. ಇದು ಸುಮ್ನೆ ಹೆದರಿಸಲು ಹೇಳುತ್ತಿಲ್ಲ. 2024ರ ಜುಲೈ 25ಕ್ಕೆ ಕೊನೆಯಾದ 24 ಗಂಟೆಗಳಲ್ಲಿ ತಾಮ್ಹಿಣಿಯಲ್ಲಿ 556 ಮಿ.ಮೀ. ಮಳೆ ಸುರಿದಿತ್ತು. ನಮ್ಮ ವಿಜಯಪುರ ಜಿಲ್ಲೆಗೆ ಹೆಚ್ಚುಕಡಿಮೆ ಇಡೀ ವರ್ಷಕ್ಕೆ ಬೀಳುವ ಮಳೆ ಅದು, ಒಂದೇ ದಿನಕ್ಕೆ! ತಮ್ಮನಿಗೆ ಈ ಲೆಕ್ಕ ಹೇಳಿದಾಗ ಅವನು ನಂಬಲೇ ಇಲ್ಲ.

ಗಾಡಿ ಮತ್ತು ಮೈಮೇಲಿನದು

ಟಯರಿನಿಂದ ಶುರು ಮಾಡಿ. ಗೆರೆಗಳ ನಡುವೆ ಅಲ್ಲಲ್ಲಿ ಸಣ್ಣ ರಬ್ಬರ್ ಉಬ್ಬು ಇರುತ್ತದೆ. ಟಯರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದಿದ್ದರೆ ಘಾಟಿಗೆ ಹೋಗಬೇಡಿ, ಮೊದಲು ಟಯರ್ ಬದಲಿಸಿ. ಗಾಳಿ ಕಂಪನಿ ಹೇಳಿದಷ್ಟೇ ಇರಲಿ. ಮಳೆಗೆ ಕಮ್ಮಿ ಮಾಡಿದರೆ ಹಿಡಿತ ಜಾಸ್ತಿ ಅಂತ ಹೇಳುವವರು ಸಿಗುತ್ತಾರೆ, ಕೇಳಬೇಡಿ. ಎರಡೂ ಬ್ರೇಕ್, ಹೆಡ್‌ಲೈಟ್, ಹಿಂದಿನ ಕೆಂಪು ದೀಪ, ಇಂಡಿಕೇಟರ್ ನೋಡಿಕೊಳ್ಳಿ. ಮಂಜಿನಲ್ಲಿ ಹಿಂದಿನ ದೀಪವೇ ನಿಮ್ಮನ್ನು ಕಾಯುವುದು. ಚೈನಿಗೆ ಹಿಂದಿನ ರಾತ್ರಿಯೇ ಲ್ಯೂಬ್ ಹಾಕಿ. ಬೆಳಿಗ್ಗೆ ಹಾಕಿ ಹೊರಟರೆ ಅರ್ಧ ಪ್ಯಾಂಟಿಗೆ, ಅರ್ಧ ಟಯರಿಗೆ ಹಾರುತ್ತದೆ.

ರೇನ್‌ಕೋಟ್ ಎರಡು ತುಂಡಿನದ್ದಿರಲಿ: ಮೇಲೊಂದು ಅಂಗಿ, ಕೆಳಗೊಂದು ಪ್ಯಾಂಟ್. ಉದ್ದದ ಗೌನ್ ತರಹದ್ದು, ಕೊಪ್ಪೆ ತರಹದ್ದು ಬೇಡ. ಗಾಳಿಗೆ ಹಾರಿ ಚೈನಿಗೋ ಚಕ್ರಕ್ಕೋ ಸಿಕ್ಕಿಕೊಳ್ಳುತ್ತದೆ. ಬಣ್ಣ ಹಳದಿಯೋ ಕಿತ್ತಳೆಯೋ ಆದರೆ ಒಳ್ಳೆಯದು. ಕಪ್ಪು ರೇನ್‌ಕೋಟ್ ಹಾಕಿಕೊಂಡು ಮಂಜಿನೊಳಗೆ ಹೋಗುವವರ ಧೈರ್ಯಕ್ಕೆ ಏನೆನ್ನಬೇಕೋ ಗೊತ್ತಿಲ್ಲ.

ಹೆಲ್ಮೆಟ್ ಗಾಜಿಗೆ ಒಳಗಿನಿಂದ ಹಬೆ ಕಟ್ಟುವುದು ದೊಡ್ಡ ಕಿರಿಕಿರಿ. ಪಾತ್ರೆ ತೊಳೆಯುವ ಸೋಪಿನ ನೀರು ಒಂದು ಹನಿ ಗಾಜಿನ ಒಳಮೈಗೆ ಹಚ್ಚಿ, ಒಣಗಿದ ಮೇಲೆ ಮೆತ್ತನೆ ಬಟ್ಟೆಯಿಂದ ಹದವಾಗಿ ಒರೆಸಿ. ಅರ್ಧ ದಿನ ಬರುತ್ತದೆ. ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕು. ಇಲ್ಲಿ ಅದು ನಿಯಮ, ನಿಯಮ ಇರದಿದ್ದರೂ ಬೇಕು. ಕೆಎ ನಂಬರಿನ ಗಾಡಿಯಾದರೆ ಆರ್‌ಸಿ, ಇನ್ಶೂರೆನ್ಸ್, ಪಿಯುಸಿ ಎಲ್ಲಾ ಡಿಜಿಲಾಕರ್‌ನಲ್ಲಿ ಇಟ್ಟುಕೊಳ್ಳಿ. ಒದ್ದೆ ಕೈಯಲ್ಲಿ ಕಾಗದ ಬಿಡಿಸುವ ಕಷ್ಟ ಬೇಡ. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಒಣ ಬನಿಯನ್, ಸಾಕ್ಸ್, ಟವೆಲ್ ಇಡಿ. ಐನೂರು ರೂಪಾಯಿ ಚಿಲ್ಲರೆ ಜೊತೆಗಿರಲಿ, ಘಾಟಿಯಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ, ಆಗ ಯುಪಿಐಯೂ ಇಲ್ಲ. ಮ್ಯಾಪನ್ನೂ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ದಾರಿ

ಬೆಳಿಗ್ಗೆ ಐದೂವರೆಗೆ ಮನೆ ಬಿಡಿ. ಚಾಂದಣಿ ಚೌಕದಲ್ಲಿ ಹುಷಾರು. ಹಳೆಯ ಸೇತುವೆಯನ್ನು 2022ರ ಅಕ್ಟೋಬರ್‌ನಲ್ಲಿ ಸಿಡಿಮದ್ದಿಟ್ಟು ಕೆಡವಿ ಹೊಸ ಫ್ಲೈಓವರುಗಳನ್ನು ಕಟ್ಟಿದ್ದಾರೆ. ಸರಿಯಾದ ಪಟ್ಟಿ ಹಿಡಿಯದಿದ್ದರೆ ಮುಂಬೈ ಹೆದ್ದಾರಿಗೋ ಸಾತಾರಾ ಕಡೆಗೋ ಹೋಗಿಬಿಡುತ್ತೀರಿ. ಮುಳಶಿ, ಪೌಡ್ ಅಂತ ಬರೆದ ಬೋರ್ಡ್ ಹುಡುಕಿ. ಆಮೇಲೆ ಭೂಗಾಂವ್, ಭೂಕುಂ, ಪಿರಂಗುಟ್. ಆರು ಗಂಟೆಯೊಳಗೆ ಭೂಗಾಂವ್ ದಾಟಿದರೆ ಆರಾಮ. ಒಂಬತ್ತರ ಮೇಲೆ ಅದೇ ಊರು ದಾಟಲು ನಿಮ್ಮ ತಾಳ್ಮೆಯೆಲ್ಲಾ ಬೇಕು.

ಪಿರಂಗುಟ್ ಹತ್ತಿರ ಕಾರ್ಖಾನೆಗಳಿವೆ, ಟಿಪ್ಪರುಗಳ ಓಡಾಟ ಇದೆ. ನಾನು ಬಿದ್ದದ್ದು ಇಲ್ಲೇ. ಘಾಟಿಯ ತಿರುವಿನಲ್ಲಿ ಅಲ್ಲ, ಸಮತಟ್ಟು ರಸ್ತೆಯಲ್ಲಿ, ಇಪ್ಪತ್ತರ ಸ್ಪೀಡಿನಲ್ಲಿ! ಟಿಪ್ಪರಿನ ಚಕ್ರಕ್ಕೆ ಅಂಟಿ ಬಂದ ಕೆಂಪು ಕೆಸರು ರಸ್ತೆಗೆ ಬಳಿದಿತ್ತು. ಮುಂದೆ ನಾಯಿ ಬಂತು ಅಂತ ಮುಂದಿನ ಬ್ರೇಕ್ ಒಂದನ್ನೇ ಹಿಡಿದೆ. ಬೈಕ್ ಕಾಲ ಕೆಳಗಿನಿಂದ ಚಾಪೆ ಎಳೆದ ಹಾಗೆ ಹೋಯಿತು. ಮೊಣಕಾಲು ಕೆತ್ತಿತು, ಬ್ರೇಕ್ ಲಿವರ್ ಬಾಗಿತು, ನಾಯಿ ನಿಂತು ನೋಡುತ್ತಿತ್ತು. ಅವತ್ತಿನಿಂದ ರಸ್ತೆಯ ಬಣ್ಣ ಬದಲಾದ ಕಡೆ ಬ್ರೇಕ್ ಮುಟ್ಟುವುದಿಲ್ಲ, ಅದಕ್ಕೂ ಮೊದಲೇ ನಿಧಾನ ಮಾಡುತ್ತೇನೆ.

ಪಿರಂಗುಟ್ ಅಥವಾ ಪೌಡ್‌ನಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳಿ. ಮುಂದೆ ಘಾಟಿಯಲ್ಲಿ ಹುಡುಕುವ ಹಾಗಿಲ್ಲ. ಪೌಡ್ ದಾಟಿದ ಮೇಲೆ ಊರುಗಳು ಸಣ್ಣವಾಗುತ್ತವೆ, ಭತ್ತದ ಗದ್ದೆಗಳು ಶುರುವಾಗುತ್ತವೆ. ಜುಲೈನಲ್ಲಿ ಹೋದರೆ ನಾಟಿ ನಡೆಯುತ್ತಿರುತ್ತದೆ. ಜೋಳ, ತೊಗರಿ ನೋಡಿ ಬೆಳೆದ ನಮಗೆ ಇದೇ ಒಂದು ನೋಟ.

ಮಾಲೆ ಊರಿನ ಹತ್ತಿರ ಮುಳಶಿ ಅಣೆಕಟ್ಟು, ಅದಾದ ಮೇಲೆ ಬಲಕ್ಕೆ ಕೆರೆ. ಮೊದಲ ನಿಲುಗಡೆ ಇಲ್ಲಿ. ನೋಡಲು ತಣ್ಣಗಿರುವ ಈ ನೀರಿನ ಕೆಳಗೆ ಊರುಗಳಿವೆ. ಟಾಟಾ ಕಂಪನಿ ಮುಂಬೈಗೆ ವಿದ್ಯುತ್ ಕೊಡಲು ಈ ಅಣೆಕಟ್ಟು ಕಟ್ಟಲು ಹೊರಟಾಗ ಇಲ್ಲಿನ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಮುಂದಾಳಾಗಿದ್ದ ಪಾಂಡುರಂಗ ಮಹಾದೇವ ಬಾಪಟರಿಗೆ 'ಸೇನಾಪತಿ' ಅನ್ನುವ ಹೆಸರು ಬಂದದ್ದು ಈ ಹೋರಾಟದಿಂದಲೇ. ಅಣೆಕಟ್ಟು ನಿಲ್ಲಲಿಲ್ಲ, ಊರುಗಳು ಮುಳುಗಿದವು.

ತಮ್ಮನ ಪ್ರಶ್ನೆಗೆ ಉತ್ತರ ಕೊಟ್ಟದ್ದು ಈ ಕೆರೆಯ ಅಂಚಿನಲ್ಲಿ, ವಾಪಸ್ ಬರುವಾಗ. ಇಲ್ಲಿ ಹರಿಯುವುದು ಮುಳಾ ನದಿ. ಅದು ಪೂರ್ವಕ್ಕೆ ಹರಿದು ಪುಣೆಯಲ್ಲಿ ಮುಠಾ ಜೊತೆ ಸೇರಿ ಮುಂದೆ ಭೀಮೆಯಾಗಿ ಉಜನಿ, ಪಂಢರಪುರ ದಾಟಿ ನಮ್ಮ ಇಂಡಿಗೆ ಬರಬೇಕು. ನೆಲದ ಇಳಿಜಾರಿನ ಲೆಕ್ಕ ಅದು. ಆದರೆ ಕೆರೆಯಲ್ಲಿ ನಿಂತ ನೀರನ್ನು ಸುರಂಗದಲ್ಲಿ ಪಶ್ಚಿಮಕ್ಕೆ ತಿರುಗಿಸಿ, ಘಾಟಿಯ ಕೆಳಗಿನ ಭೀರಾ ಅನ್ನುವ ಊರಿನ ವಿದ್ಯುತ್ ಕೇಂದ್ರಕ್ಕೆ ಬೀಳಿಸುತ್ತಾರೆ. ಅಲ್ಲಿಂದ ಅದು ಕುಂಡಲಿಕಾ ನದಿ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಕೋಲಾಡ್‌ನಲ್ಲಿ ಜನ ರಾಫ್ಟಿಂಗ್ ಮಾಡುವುದು ಈ ನೀರಿನಲ್ಲೇ. ಮಳೆ ಜೋರಾಗಿ ಕೆರೆ ತುಂಬಿ ಬಾಗಿಲು ತೆಗೆದಾಗ ಮಾತ್ರ ಇದು ಮುಳಾ ನದಿಗೆ ಇಳಿಯುತ್ತದೆ. ತಮ್ಮ ಎಲ್ಲಾ ಕೇಳಿ, "ಅಂದ್ರ ಹೆಚ್ಚಾದ್ರ ನಮಗ, ಇಲ್ಲಂದ್ರ ಅವರಿಗೆ" ಅಂದ. ಇದಕ್ಕಿಂತ ಚಿಕ್ಕದಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಕೆರೆಯ ಅಂಚು ಬಿಟ್ಟು ಮುಂದೆ ಹೋದರೆ ಪಳಸೆ. ರಸ್ತೆಗೆ ಹತ್ತಿರವೇ ಧಬಧಬಾ ಇದೆ. ಮರಾಠಿಯಲ್ಲಿ ಜಲಪಾತಕ್ಕೆ ಧಬಧಬಾ ಅಂತಾರೆ. ನಮ್ಮ ಗುರುಮಠಕಲ್ ಕಡೆಯ ದಬದಬಿ ನೆನಪಾಗುತ್ತದೆ ಅಲ್ವಾ? ಎರಡೂ ಸದ್ದಿನಿಂದಲೇ ಹುಟ್ಟಿದ ಮಾತು. ಇಲ್ಲಿ ಜನ ಜಾಸ್ತಿ. ಬೆಳಿಗ್ಗೆ ಏಳೂವರೆಗೆ ತಲುಪಿದರೆ ನೀವು, ನೀರು, ಭಟ್ಟಿ ಹಚ್ಚುತ್ತಿರುವ ಚಹಾದ ಅಂಗಡಿಯವರು, ಅಷ್ಟೇ.

ಅಲ್ಲಿಂದ ತಾಮ್ಹಿಣಿ ಊರು, ವಿಂಝಾಯಿ ದೇವಿಯ ಗುಡಿ, ಆಮೇಲೆ ಕಾಡು. ಇದು ವನ್ಯಜೀವಿಧಾಮ, ಹಾರ್ನ್ ಹೊಡೆಯುತ್ತಾ, ಹಾಡು ಹಾಕಿಕೊಂಡು ಹೋಗಬೇಡಿ. ಇಲ್ಲಿಂದ ಮುಂದೆ ಸಣ್ಣ ದೊಡ್ಡ ಜಲಪಾತಗಳನ್ನು ಎಣಿಸುವುದನ್ನು ಬಿಟ್ಟುಬಿಡಿ. ಗುಡ್ಡಗಳನ್ನು ಸರಿಯಾಗಿ ನೋಡಿ: ಮೆಟ್ಟಿಲು ಮೆಟ್ಟಿಲಾಗಿವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರದ ಮೇಲೆ ಪದರವಾಗಿ ಹರಿದು ಗಟ್ಟಿಯಾದ ಕಪ್ಪು ಕಲ್ಲು ಇದು. ಅದಕ್ಕೇ ನೀರು ಒಂದೇ ಸಲಕ್ಕೆ ಬೀಳದೆ ಒಂದು ಮೆಟ್ಟಿಲಿಗೆ ಬಿದ್ದು, ಸ್ವಲ್ಪ ಓಡಿ, ಮತ್ತೆ ಬೀಳುತ್ತದೆ. ಗಾಳಿ ಜೋರಿದ್ದ ದಿನ ಬೀಳುವ ನೀರು ಅರ್ಧ ದಾರಿಯಲ್ಲೇ ಹೊಗೆಯ ಹಾಗೆ ಮೇಲಕ್ಕೆ ಎದ್ದು ನಿಮ್ಮ ಮುಖಕ್ಕೇ ಬರುತ್ತದೆ.

ಪ್ಲಸ್ ವ್ಯಾಲಿ ಅನ್ನುವ ಆಳದ ಕಣಿವೆಯನ್ನು ರಸ್ತೆಯ ಪಕ್ಕದಿಂದ ನೋಡಬಹುದು. ಇಲ್ಲಿನ ನೀರು ಕೆಳಗೆ ದೇವಕುಂಡ ಜಲಪಾತವಾಗಿ ಭೀರಾ ಕಡೆ ಬೀಳುತ್ತದೆ. ಅಂದರೆ ಇಲ್ಲಿಂದ ನೆಲವೇ ಕೊಂಕಣದ ಕಡೆ ವಾಲಿದೆ, ಯಾರೂ ಸುರಂಗ ಕೊರೆಯಬೇಕಿಲ್ಲ. ಕಣಿವೆಗೆ ಇಳಿಯಬೇಡಿ. ಮಳೆಗಾಲದಲ್ಲಿ ಇಳಿದವರನ್ನು ಮೇಲೆ ತರುವುದು ರಕ್ಷಣಾ ತಂಡಗಳಿಗೂ ಕಷ್ಟ.

ಘಾಟಿಯಲ್ಲಿ ಓಡಿಸುವುದು

ಸ್ಪೀಡು ಮೂವತ್ತು, ನಲವತ್ತು ಸಾಕು. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿಟ್ಟು ಎಂಜಿನ್ನೇ ಹಿಡಿದು ನಿಲ್ಲಿಸುವ ಹಾಗೆ ಇಳಿಸಿ. ಕ್ಲಚ್ ಒತ್ತಿಕೊಂಡೋ ನ್ಯೂಟ್ರಲ್ ಮಾಡಿಕೊಂಡೋ ಇಳಿಯಬೇಡಿ. ಬ್ರೇಕ್ ತಿರುವಿಗೆ ಮೊದಲು, ಗಾಡಿ ನೇರ ಇರುವಾಗಲೇ ಹಿಡಿಯಿರಿ, ಎರಡನ್ನೂ ಸೇರಿಸಿ, ಮೆಲ್ಲಗೆ. ಎಬಿಎಸ್ ಇದ್ದರೂ ಕೆಸರಿನ ಮೇಲೆ ಪವಾಡ ಆಗುವುದಿಲ್ಲ. ಸ್ಕೂಟರಿನವರು ಆಕ್ಸಿಲರೇಟರ್ ಪೂರ್ತಿ ಬಿಡದೆ, ಹಿಂದಿನ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತಾ ಇಳಿಯಿರಿ.

ರಸ್ತೆಯ ಬಿಳಿ ಪಟ್ಟಿಯ ಮೇಲೆ, ಪಾಚಿ ಕಟ್ಟಿದ ಅಂಚಿನ ಮೇಲೆ ಚಕ್ರ ಹೋಗದಿರಲಿ. ನೀರು ನಿಂತ ಗುಂಡಿ ಎಷ್ಟು ಆಳ ಅಂತ ಮುಂದಿನ ಗಾಡಿಯನ್ನು ನೋಡಿ ತಿಳಿದುಕೊಳ್ಳಿ. ಗುಡ್ಡದ ಕಡೆಯ ಅಂಚಿನಲ್ಲಿ ಸಣ್ಣ ಕಲ್ಲು, ಹಸಿ ಮಣ್ಣು ಹೊಸದಾಗಿ ಬಿದ್ದಿದ್ದರೆ ಅಲ್ಲಿ ನಿಲ್ಲಬೇಡಿ, ಫೋಟೋಕ್ಕಂತೂ ಬೇಡವೇ ಬೇಡ. ಮೇಲಿಂದ ಇನ್ನೂ ಬರುವುದಿದೆ ಅಂತ ಅರ್ಥ. ಮಂಜು ಕವಿದರೆ ಡಿಮ್ ಲೈಟ್ ಹಾಕಿ. ಹೈಬೀಮ್ ಹಾಕಿದರೆ ಬಿಳಿ ಗೋಡೆ ಬಿಟ್ಟು ಬೇರೇನೂ ಕಾಣಿಸದು. ಹಜಾರ್ಡ್ ಲೈಟ್ ಹಾಕಿಕೊಂಡು ಓಡಿಸಿದರೆ ಹಿಂದಿನವರಿಗೆ ನೀವು ನಿಂತಿದ್ದೀರೋ ಹೋಗುತ್ತಿದ್ದೀರೋ ತಿಳಿಯುವುದಿಲ್ಲ.

ಇನ್ನೊಂದು, ಏಡಿಗಳು. ಮಳೆಗೆ ರಸ್ತೆ ದಾಟುತ್ತಿರುತ್ತವೆ, ಹೆಬ್ಬೆರಳಿನಷ್ಟು ದಪ್ಪದವು. ಬೈಕ್ ಹತ್ತಿರ ಬಂದರೆ ಓಡುವುದಿಲ್ಲ, ಕೊಂಡಿ ಎತ್ತಿ ಜಗಳಕ್ಕೆ ನಿಲ್ಲುತ್ತವೆ. ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ದಾರಿ ಬಿಡಿ.

ದಾರಿ ಮುಂದೆ ತೆರೆದಿದೆಯೋ ಇಲ್ಲವೋ ಅಂತ ಎದುರಿಂದ ಬರುವವರನ್ನೇ ಕೇಳಬೇಕು. "ದಾದಾ, ಪುಢೇ ರಸ್ತಾ ಚಾಲೂ ಆಹೇ ಕಾ?" ಇಷ್ಟು ಮರಾಠಿ ಸಾಕು. ಉತ್ತರದಲ್ಲಿ "ದರಡ್" ಅನ್ನುವ ಮಾತು ಕೇಳಿಸಿತೋ, ಗುಡ್ಡ ಕುಸಿದಿದೆ. ಗಾಡಿ ತಿರುಗಿಸಿ.

ನೀರಿನ ಹತ್ತಿರ

ನನ್ನ ನಿಯಮ ಒಂದೇ: ಪಾದ ನೆನೆಯಲಿ, ಮೊಣಕಾಲು ನೆನೆಯಬಾರದು. ಜಲಪಾತದ ಕೆಳಗೆ ನಿಂತಾಗ ನಿಮಗೆ ಬಿಸಿಲು ಬಿದ್ದಿರಬಹುದು, ಮೇಲಿನ ಗುಡ್ಡದಲ್ಲಿ ಸುರಿಯುತ್ತಿರಬಹುದು. ನೀರು ಏರುವುದು ಗಂಟೆಗಳ ಲೆಕ್ಕದಲ್ಲಲ್ಲ, ನಿಮಿಷಗಳ ಲೆಕ್ಕದಲ್ಲಿ. 2024ರ ಜೂನ್ 30ರಂದು ಲೋಣಾವಳಾದ ಭೂಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದವರು ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಲ್ಲೇ ಕೊಚ್ಚಿಹೋದರು. ಐವರು ತೀರಿಕೊಂಡರು, ಅವರಲ್ಲಿ ನಾಲ್ವರು ಮಕ್ಕಳು. ತಿಳಿ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಎಲೆ ಕಡ್ಡಿ ತೇಲಿ ಬರತೊಡಗಿದರೆ, ಸದ್ದು ದಪ್ಪವಾದರೆ ಚಪ್ಪಲಿ ಹುಡುಕುತ್ತಾ ನಿಲ್ಲದೆ ಮೇಲಕ್ಕೆ ಬನ್ನಿ. ಮಳೆಗಾಲದಲ್ಲಿ ಜಿಲ್ಲಾಡಳಿತ ಇಂಥ ಜಾಗಗಳಿಗೆ ನಿಷೇಧಾಜ್ಞೆ ಹೊರಡಿಸುತ್ತದೆ. ಪೊಲೀಸರು ತಡೆದರೆ ವಾದ ಮಾಡಬೇಡಿ, ಮುಂದಿನ ತಿರುವಿನಲ್ಲಿ ಇನ್ನೊಂದು ಜಲಪಾತ ಇದ್ದೇ ಇದೆ.

ಊಟ, ವಾಪಸ್

ಚಹಾ, ವಡಾಪಾವ್, ಕಾಂದಾ ಭಜಿ, ಸುಟ್ಟ ಗೋವಿನಜೋಳದ ತೆನೆ ದಾರಿಯುದ್ದಕ್ಕೂ ಸಿಗುತ್ತದೆ. ಹೊಟ್ಟೆ ತುಂಬ ಬೇಕೆಂದರೆ ಮನೆಗಳಲ್ಲೇ ನಡೆಸುವ ಸಣ್ಣ ಖಾನಾವಳಿಗಳಲ್ಲಿ ಪಿಠಲಾ ಭಾಕ್ರಿ ಕೇಳಿ. ಪಿಠಲಾ ಅಂದರೆ ನಮ್ಮ ಝುಣಕವೇ, ಸ್ವಲ್ಪ ತೆಳ್ಳಗೆ. ಭಾಕ್ರಿ ಮಾತ್ರ ಅಕ್ಕಿಯದ್ದು, ಜೋಳದ್ದಲ್ಲ. ತಮ್ಮ ಮೊದಲ ತುತ್ತಿಗೆ ಮುಖ ಸಿಂಡರಿಸಿ "ರೊಟ್ಟಿ ಮೆತ್ತಗಾಗೇತಿ" ಅಂದ. ಕಲ್ಲಿನಲ್ಲಿ ಜಜ್ಜಿದ ಹಸಿಮೆಣಸಿನ ಠೇಚಾ ಬಂದ ಮೇಲೆ ಮೂರು ತಿಂದ. ಬಡಿಸುತ್ತಿದ್ದ ಮಾವಶಿ "ಅಜೂನ್ ಏಕ್?" ಅಂದರು, ಅವನಿಗೆ ಭಾಷೆ ಅರ್ಥವಾಗದಿದ್ದರೂ ತಟ್ಟೆ ಮುಂದೆ ಹೋಯಿತು.

ಪ್ಲಸ್ ವ್ಯಾಲಿ ನೋಡಿ, ಊಟ ಮುಗಿಸಿ ಬಂದ ದಾರಿಯಲ್ಲೇ ತಿರುಗಿ ಬರುವುದು ಒಳ್ಳೆಯದು. ಕೆಳಗಿಳಿದರೆ ರಾಯಗಡ ಜಿಲ್ಲೆ, ವಿಳೆ ಅನ್ನುವ ಊರು. ಅಲ್ಲಿಂದ ಬಲಕ್ಕೆ ಹೋದರೆ ಕೋಲಾಡ್, ಇನ್ನೊಂದು ದಾರಿ ನಿಜಾಂಪುರದ ಮೇಲೆ ಮಾಣಗಾಂವ್‌ಗೆ, ಮುಂಬೈ ಗೋವಾ ಹೆದ್ದಾರಿಗೆ. ಗೋವಾಕ್ಕೆ ಹೊರಟವರಿಗೆ ಸರಿ, ಒಂದೇ ದಿನದಲ್ಲಿ ಮನೆ ಸೇರಬೇಕಾದವರಿಗೆ ಬೇಡ. ಏನೇ ಆಗಲಿ ಮಧ್ಯಾಹ್ನ ಎರಡಕ್ಕೆ ಘಾಟಿ ಬಿಟ್ಟು ಹೊರಡಿ. ಸಂಜೆಗೆ ಮಂಜು ಗಟ್ಟಿಯಾಗುತ್ತದೆ, ಭೂಗಾಂವ್ ಕೂಡ ಗಟ್ಟಿಯಾಗುತ್ತದೆ.

ಮನೆಗೆ ಬಂದ ಮೇಲೆ ಗಾಡಿಯ ಮೇಲೆ ಎರಡು ಬಕೆಟ್ ನೀರು ಹಾಕಿ ಕೆಸರು ತೊಳೆಯಿರಿ, ಚೈನ್ ಒರೆಸಿ ಮತ್ತೆ ಲ್ಯೂಬ್ ಹಾಕಿ. ಮರುದಿನಕ್ಕೆ ಬಿಟ್ಟರೆ ತುಕ್ಕು ಕಾಣಿಸುತ್ತದೆ. ಶೂ ಒಳಗೆ ಹಳೆಯ ಪೇಪರ್ ಉಂಡೆ ಮಾಡಿ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ, ಫ್ಯಾನಿನ ಕೆಳಗಿಡಿ. ಹೆಲ್ಮೆಟ್ ಒಳಗಿನ ಮೆತ್ತೆ ಬಿಚ್ಚಿ ಒಣಗಿಸಿ, ಇಲ್ಲದಿದ್ದರೆ ಸೋಮವಾರ ಆಫೀಸಿಗೆ ಹೋಗುವಾಗ ನಿಮಗೇ ಗೊತ್ತಾಗುತ್ತದೆ.